ದಡದಲ್ಲಿ ಒಂದು ದಿನ: ಹಡಗಿನಿಂದ ಇಳಿಯುವವರು, ಇಳಿಯಲಾಗದವರು

ಮಳೆಗಾಲ ಮುಗಿದು ಕಡಲು ಶಾಂತವಾದ ಮೇಲೆ, ಸುಮಾರಾಗಿ ನವೆಂಬರ್‌ನಿಂದ ಮೇ ತಿಂಗಳವರೆಗೆ, ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶಿ ವಿಹಾರ ನೌಕೆಗಳು ಬಂದು ಹೋಗುತ್ತವೆ. ಮುಂಬೈ, ಮರ್ಮಗೋವಾ, ಮಂಗಳೂರು, ಕೊಚ್ಚಿ, ಅಲ್ಲಿಂದ ಕೊಲಂಬೊ ಅಥವಾ ಮಾಲ್ದೀವ್ಸ್ – ಇದು ಅವುಗಳ ಸಾಮಾನ್ಯ ದಾರಿ. ಬೆಳಿಗ್ಗೆ ಧಕ್ಕೆಗೆ ತಾಗಿದ ಹಡಗು ಸಂಜೆ ಹೊರಟುಬಿಡುತ್ತದೆ. ನಡುವಿನ ಎಂಟು ಹತ್ತು ಗಂಟೆಗಳಷ್ಟೇ ಆ ಪ್ರಯಾಣಿಕರ ಪಾಲಿನ ಮಂಗಳೂರು.

ಆ ದಿನ ಹೇಗೆ ಕಳೆಯುತ್ತದೆ ಎಂಬುದು ನಮ್ಮಲ್ಲಿ ಹಲವರಿಗೆ ಗೊತ್ತಿದೆ. ಚೆಂಡೆಯ ಸದ್ದು, ಯಕ್ಷಗಾನದ ವೇಷಗಳ ಸ್ವಾಗತ, ಪಾಸ್‌ಪೋರ್ಟ್ ತಪಾಸಣೆ, ಅನಂತರ ಸಾಲಾಗಿ ನಿಂತ ಬಸ್ಸುಗಳು. ಕೆಲವರು ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ, 1432ರಲ್ಲಿ ಪ್ರತಿಷ್ಠಾಪಿಸಿದ ಕಾರ್ಕಳದ ಗೊಮ್ಮಟನ ಬಳಿಗೆ ಹೋಗುತ್ತಾರೆ. ಕೆಲವರು ಕದ್ರಿಗೆ, ಗೋಡಂಬಿ ಕಾರ್ಖಾನೆಗೆ, ಪೇಟೆಗೆ. ಬಹಳಷ್ಟು ಮಂದಿ ಬಾವುಟಗುಡ್ಡೆ ಹತ್ತಿ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್‌ಗೆ ಬರುತ್ತಾರೆ. ಇಟಲಿಯ ಜೆಸ್ವಿತ್ ಬ್ರದರ್ ಅಂತೋನಿಯೊ ಮೊಸ್ಕೇನಿಯವರು 1899ರಿಂದ ಸುಮಾರು ಎರಡು ವರ್ಷ ಅಟ್ಟಣಿಗೆಯ ಮೇಲೆ ನಿಂತು, ಮಲಗಿ ಬಿಡಿಸಿದ ಆ ಗೋಡೆ–ಛಾವಣಿಗಳನ್ನು ಕತ್ತು ನೋಯುವವರೆಗೂ ನೋಡುತ್ತಾರೆ. ಮೊಸ್ಕೇನಿಯವರೂ ಕಡಲ ದಾರಿಯಲ್ಲೇ ನಮ್ಮೂರಿಗೆ ಬಂದವರು. 1905ರಲ್ಲಿ ಅವರು ತೀರಿಕೊಂಡದ್ದು ಕೊಚ್ಚಿಯಲ್ಲಿ, ಅಂದರೆ ಈ ಹಡಗುಗಳ ಮುಂದಿನ ನಿಲ್ದಾಣದಲ್ಲಿ. ಮಧ್ಯಾಹ್ನ ಒಂದು ಎಳನೀರು, ಒಂದು ಗಡಬಡ್ ಐಸ್‌ಕ್ರೀಮ್, ಒಂದಿಷ್ಟು ಕರಿಮೆಣಸು, ಗೇರುಬೀಜ ಖರೀದಿ. ಗಡಿಯಾರ ನೋಡುತ್ತಾ ಬಂದರಿಗೆ ಮರಳುತ್ತಾರೆ. ಯಾರಿಗೂ ಅವಸರವಿಲ್ಲದ, ಯಾರಿಗೂ ನಷ್ಟವಿಲ್ಲದ ಒಳ್ಳೆಯ ದಿನ ಅದು. ಟ್ಯಾಕ್ಸಿ, ಆಟೋದವರಿಗೂ ನಾಲ್ಕು ಕಾಸು ಸಿಗುತ್ತದೆ.

ಓದುಗರೇ, ಈ ಲೇಖನ ಆ ಬಸ್ಸುಗಳಲ್ಲಿ ಕಾಣದವರ ಕುರಿತು.

ಕೋವಿಡ್ ವಿರಾಮದ ಬಳಿಕ 2022ರ ನವೆಂಬರ್‌ನಲ್ಲಿ ನಮ್ಮ ಬಂದರಿಗೆ ಬಂದ ಯುರೋಪಾ 2 ಎಂಬ ವಿಹಾರ ನೌಕೆಯನ್ನೇ ತೆಗೆದುಕೊಳ್ಳಿ. ಅದರ ಸಾಮರ್ಥ್ಯ ಸುಮಾರು 500 ಪ್ರಯಾಣಿಕರು. ಅವರ ಸೇವೆಗೆ ಇರುವ ಸಿಬ್ಬಂದಿ ಸುಮಾರು 370. ಇಷ್ಟು ಜನ ಅಡುಗೆಯವರು, ಬಡಿಸುವವರು, ಕೋಣೆ ಗುಡಿಸುವವರು, ಎಂಜಿನ್ ಕೋಣೆಯವರು, ಬಟ್ಟೆ ಒಗೆಯುವವರು. ಪ್ರಯಾಣಿಕರು ಹತ್ತು ಹದಿನೈದು ದಿನಕ್ಕೆ ಮನೆಗೆ ಹೋಗುತ್ತಾರೆ. ಸಿಬ್ಬಂದಿಯ ಕರಾರು ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳಿನದು. ಪ್ರಯಾಣಿಕರು ಇಳಿದು ಹೋದ ಹೊತ್ತಿನಲ್ಲೇ ಕೋಣೆಗಳನ್ನು ಶುಚಿಗೊಳಿಸಬೇಕು, ದಾಸ್ತಾನು ಒಳಗೆ ಬರಬೇಕು. ಬೆಂಕಿ ಅಥವಾ ಬೇರೆ ಅಪಾಯ ಎದುರಾದರೆ ನಿಭಾಯಿಸಲು ಸಿಬ್ಬಂದಿಯ ಒಂದು ಭಾಗ ಬಂದರಿನಲ್ಲಿರುವಾಗಲೂ ಹಡಗಿನಲ್ಲೇ ಇರಬೇಕೆಂಬ ನಿಯಮವಿದೆ. ಅದಕ್ಕೆ ಸರದಿ ಇದೆ. ಸರದಿ ತಪ್ಪಿದವರಿಗೆ ಸಿಗುವುದು ಎರಡು ಮೂರು ಗಂಟೆ. ಆ ಸಮಯದಲ್ಲಿ ಅವರು ಬಸದಿ ನೋಡಲು ಹೋಗುವುದಿಲ್ಲ. ವೈ–ಫೈ ಸಿಗುವ ಜಾಗ ಹುಡುಕುತ್ತಾರೆ.

ನಮ್ಮ ಕರಾವಳಿಯ ಎಷ್ಟು ಮನೆಗಳ ಹುಡುಗರು, ಈಚೆಗೆ ಹುಡುಗಿಯರೂ, ಇದೇ ಕೆಲಸದಲ್ಲಿ ಇದ್ದಾರೆ ಎಂದು ಲೆಕ್ಕ ಹಾಕಿ. ‘ಮಗ ಶಿಪ್‌ನಲ್ಲಿದ್ದಾನೆ’ ಎಂಬ ಮಾತು ಕೇಳದ ವಾಳೆ ಮಂಗಳೂರಿನಲ್ಲಾಗಲಿ ಗೋವೆಯಲ್ಲಾಗಲಿ ಕಡಿಮೆ. ಗೋವೆಯವರು ನಾವಿಕನನ್ನು ತಾರ್ವಟಿ ಎನ್ನುತ್ತಾರೆ. ಹಿಂದೆ ಹಡಗು ಹಿಡಿಯಲು ಮುಂಬೈಗೆ ಬಂದ ತಾರ್ವಟಿಗಳಿಗಾಗಿ ಗೋವೆಯ ಹಳ್ಳಿಗಳವರು ಅಲ್ಲಿ ‘ಕೂಡ್’ ಎಂಬ ವಸತಿಗಳನ್ನು ನಡೆಸುತ್ತಿದ್ದರು. ಒಂದು ಪೆಟ್ಟಿಗೆ ಇಡುವಷ್ಟು ಜಾಗ, ಸಂಜೆ ಎಲ್ಲರೂ ಸೇರಿ ಜಪಸರ ಪ್ರಾರ್ಥನೆ. ದಡಕ್ಕೆ ಬಂದವನಿಗೆ ತನ್ನವರು ಬೇಕು ಎಂಬುದನ್ನು ಆ ಹಳ್ಳಿಗರು ಕಾನೂನು ಬರುವ ಮೊದಲೇ ಅರಿತಿದ್ದರು.

ರಜೆಯಲ್ಲ, ಹಕ್ಕು

ಹಡಗು ಬಂದರಿನಲ್ಲಿರುವಾಗ ಸಿಬ್ಬಂದಿ ಕೆಲವು ಗಂಟೆ ದಡಕ್ಕೆ ಹೋಗಿ ಬರುವುದನ್ನು ಶೋರ್ ಲೀವ್ ಎನ್ನುತ್ತಾರೆ. ಇದು ಕಪ್ತಾನನ ಔದಾರ್ಯವೆಂದು ಅನೇಕರು ತಿಳಿದಿದ್ದಾರೆ, ಹಾಗಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2006ರ ಸಾಗರ ಕಾರ್ಮಿಕ ಒಡಂಬಡಿಕೆ 2013ರ ಆಗಸ್ಟ್ 20ರಂದು ಜಾರಿಗೆ ಬಂತು. ಭಾರತ ಇದನ್ನು 2015ರ ಅಕ್ಟೋಬರ್‌ನಲ್ಲಿ ಸ್ಥಿರೀಕರಿಸಿತು. ಒಂದು ವರ್ಷದ ಬಳಿಕ ಅದು ನಮ್ಮ ದೇಶಕ್ಕೂ ಅನ್ವಯವಾಯಿತು. ನಾವಿಕರ ಆರೋಗ್ಯ ಮತ್ತು ಕ್ಷೇಮಕ್ಕಾಗಿ ಅವರಿಗೆ ದಡಕ್ಕೆ ಹೋಗಲು ಬಿಡುವು ನೀಡಬೇಕೆಂದು ಈ ಒಡಂಬಡಿಕೆ ಹೇಳುತ್ತದೆ. ಹಡಗಿನಲ್ಲಿ ಯಾವುದೇ ಕೆಲಸದಲ್ಲಿರುವವನೂ ಇಲ್ಲಿ ನಾವಿಕನೇ. ಕಪ್ತಾನನಂತೆ ಪಾತ್ರೆ ತೊಳೆಯುವವನೂ.

ಆದರೆ ಅದೇ ವಾಕ್ಯದಲ್ಲಿ ಒಂದು ಷರತ್ತೂ ಇದೆ: ಅವರ ಹುದ್ದೆಯ ಕೆಲಸದ ಅಗತ್ಯಗಳಿಗೆ ಹೊಂದಿಕೊಂಡು. ಕೆಲಸದ ಅಗತ್ಯ ಯಾವಾಗ ಇರುವುದಿಲ್ಲ? ಒಡಂಬಡಿಕೆಯ ಪ್ರಕಾರ 24 ಗಂಟೆಗಳಲ್ಲಿ ಕನಿಷ್ಠ 10 ಗಂಟೆ, ಏಳು ದಿನಗಳಲ್ಲಿ ಕನಿಷ್ಠ 77 ಗಂಟೆ ವಿಶ್ರಾಂತಿ ಸಿಗಬೇಕು. ಇದನ್ನು ತಿರುಗಿಸಿ ಓದಿದರೆ ದಿನಕ್ಕೆ 14 ಗಂಟೆ ದುಡಿಸಲು ಅವಕಾಶವಿದೆ ಎಂದಾಯಿತು. ಆ ಹತ್ತು ಗಂಟೆಗಳಲ್ಲೇ ನಿದ್ದೆ, ಊಟ, ಸ್ನಾನ, ದಡದ ಭೇಟಿ ಎಲ್ಲವೂ ಆಗಬೇಕು. ನಿದ್ದೆಗೂ ದಡಕ್ಕೂ ನಡುವೆ ಆರಿಸಬೇಕಾದಾಗ ಬಹಳ ಮಂದಿ ನಿದ್ದೆಯನ್ನೇ ಆರಿಸುತ್ತಾರೆ. ಅದು ಸ್ವಇಚ್ಛೆಯೇ ಎಂದು ಕಂಪೆನಿಗಳು ವಾದಿಸಬಹುದು. ಹಾಗೆ ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಸರಕು ಹಡಗುಗಳ ಕಥೆ ಇನ್ನೂ ಬೇರೆ. ದೊಡ್ಡ ತೈಲ ಹಡಗೊಂದನ್ನು ನಡೆಸುವವರು ಇಪ್ಪತ್ತರಿಂದ ಇಪ್ಪತ್ತೈದು ಮಂದಿ ಮಾತ್ರ. ಹಿಂದೆ ಚೀಲಗಳನ್ನು ಹೊತ್ತು ಇಳಿಸುವ ಕಾಲದಲ್ಲಿ ಹಡಗು ವಾರಗಟ್ಟಲೆ ಧಕ್ಕೆಯಲ್ಲಿ ನಿಲ್ಲುತ್ತಿತ್ತು. ನಾವಿಕರು ಊರಿನ ಅಂಗಡಿಯವರಿಗೆ ಪರಿಚಿತರಾಗುತ್ತಿದ್ದರು. ಈಗ ಕಂಟೇನರ್ ಹಡಗು ಒಂದು ದಿನವೂ ನಿಲ್ಲದೆ ಹೊರಡುತ್ತದೆ. ನಿಂತಷ್ಟು ಹೊತ್ತೂ ತಪಾಸಣೆಯ ಅಧಿಕಾರಿಗಳು, ಇಂಧನ, ದುರಸ್ತಿ, ದಾಸ್ತಾನು. ಸಮುದ್ರದಲ್ಲಿ ಸಾಗುವಾಗಿನದಕ್ಕಿಂತ ಬಂದರಿನಲ್ಲೇ ಕೆಲಸ ಜಾಸ್ತಿ. ನಮ್ಮಲ್ಲಿಗೆ ಬರುವ ಬೃಹತ್ ಕಚ್ಚಾತೈಲದ ಹಡಗುಗಳಂತೂ ಧಕ್ಕೆಗೇ ಬರುವುದಿಲ್ಲ. ಕಡಲ ನಡುವೆ ತೇಲುವ ಬೋಯಾಕ್ಕೆ ಕಟ್ಟಿಕೊಂಡು, ಕೊಳವೆಯಲ್ಲಿ ತೈಲ ಇಳಿಸಿ, ಅಲ್ಲಿಂದಲೇ ಮರಳುತ್ತವೆ. ಅದರಲ್ಲಿರುವವರಿಗೆ ಮಂಗಳೂರೆಂದರೆ ರಾತ್ರಿ ಕಾಣುವ ದೀಪಗಳ ಸಾಲು.

ಬಿಡುವು ಸಿಕ್ಕರೂ ದಾಟಬೇಕಾದ ಬಾಗಿಲುಗಳಿವೆ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಹಡಗು ಮತ್ತು ಬಂದರುಗಳ ಭದ್ರತೆಗಾಗಿ ರೂಪಿಸಿದ ಐಎಸ್‌ಪಿಎಸ್ ಸಂಹಿತೆ 2004ರ ಜುಲೈ 1ರಿಂದ ಜಗತ್ತಿನೆಲ್ಲೆಡೆ ಜಾರಿಗೆ ಬಂತು. ಬಂದರಿನ ಸುತ್ತ ಬೇಲಿ ಎದ್ದಿತು, ಗೇಟಿಗೆ ಕಾವಲು ಬಂತು. ಭದ್ರತೆ ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಹಡಗಿನ ಏಣಿಯಿಂದ ಗೇಟಿನವರೆಗೆ ನಡೆದು ಹೋಗಲು ಬಿಡದ, ವಾಹನಕ್ಕೆ ದುಬಾರಿ ಹಣ ಕೇಳುವ ಬಂದರುಗಳು ಜಗತ್ತಿನಲ್ಲಿ ಹುಟ್ಟಿಕೊಂಡವು. ಅಮೆರಿಕದಲ್ಲಿ ನಾವಿಕನ ಬಳಿ ಪ್ರತ್ಯೇಕ ವೀಸಾ ಇಲ್ಲದಿದ್ದರೆ ಹಡಗಿನಿಂದ ಇಳಿಯುವಂತೆಯೇ ಇಲ್ಲ. ಭಾರತದಲ್ಲಿ ವಿದೇಶಿ ನಾವಿಕರಿಗೆ ವಲಸೆ ಅಧಿಕಾರಿಗಳು ಶೋರ್ ಲೀವ್ ಪಾಸ್ ಕೊಡುತ್ತಾರೆ. ನಾವಿಕರಿಗೆ ಬಯೊಮೆಟ್ರಿಕ್ ಗುರುತಿನ ದಾಖಲೆ ನೀಡುವ ಯೋಜನೆಯನ್ನು ನಮ್ಮ ದೇಶ 2020ರ ಫೆಬ್ರವರಿಯಲ್ಲಿ ಆರಂಭಿಸಿತು. ದಡಕ್ಕಿಳಿಯಲು ಅನುಮತಿ ನೀಡುವಾಗ ರಾಷ್ಟ್ರೀಯತೆ, ಜನಾಂಗ, ಧರ್ಮ ಮುಂತಾದವುಗಳ ಹೆಸರಿನಲ್ಲಿ ತಾರತಮ್ಯ ಮಾಡಬಾರದೆಂಬ ಅಂತರರಾಷ್ಟ್ರೀಯ ನಿಯಮ 2018ರ ಜನವರಿಯಿಂದ ಇದೆ. ಹೀಗೆ ಕಾಗದದಲ್ಲಿ ಎಲ್ಲವೂ ಉಂಟು.

ಕಾಗದ ಎಷ್ಟು ಬೇಗ ಹರಿಯುತ್ತದೆ ಎಂಬುದನ್ನು 2020 ತೋರಿಸಿಕೊಟ್ಟಿತು. ಸೋಂಕಿನ ಭಯದಿಂದ ಬಂದರುಗಳು ಮುಚ್ಚಿದವು. ಆ ವರ್ಷದ ಕೊನೆಗೆ ಸುಮಾರು 4 ಲಕ್ಷ ನಾವಿಕರು ಕರಾರು ಮುಗಿದರೂ ಮನೆಗೆ ಹೋಗಲಾಗದೆ ಹಡಗುಗಳಲ್ಲಿ ಉಳಿದಿದ್ದರೆಂದು ಅಂತರರಾಷ್ಟ್ರೀಯ ಸಾಗರ ಸಂಘಟನೆ ಅಂದಾಜಿಸಿತ್ತು. ಅದೇ ಸಮಯದಲ್ಲಿ ಅವರೇ ನಮ್ಮ ಗ್ಯಾಸ್, ಔಷಧಿ, ಅಡುಗೆ ಎಣ್ಣೆ ತಂದು ಇಳಿಸಿ, ಧಕ್ಕೆಯಲ್ಲಿ ಕಾಲಿಡದೆ ಮರಳುತ್ತಿದ್ದರು. ಅಂದಿನ ಪೋಪ್ ಫ್ರಾನ್ಸಿಸರು ಆ ವರ್ಷದ ಜೂನ್‌ನಲ್ಲಿ ನಾವಿಕರಿಗೆ ಮತ್ತು ಮೀನುಗಾರರಿಗೆ ವಿಡಿಯೋ ಸಂದೇಶ ಕಳುಹಿಸಿ, ಅವರ ತ್ಯಾಗವನ್ನು ಮರೆತಿಲ್ಲವೆಂದು ತಿಳಿಸಿದರು. ಸೋಂಕು ಇಳಿದ ಮೇಲೂ ಹಲವು ಬಂದರುಗಳಲ್ಲಿ ಈ ನಿರ್ಬಂಧ ಬಹುಕಾಲ ಉಳಿಯಿತು.

ಮೀನುಗಾರಿಕೆಯ ದೋಣಿಗಳಿಗೆ ಮೇಲಿನ ಒಡಂಬಡಿಕೆ ಅನ್ವಯಿಸುವುದಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಮಲ್ಪೆ, ಮಂಗಳೂರಿನ ಆಳಸಮುದ್ರ ಬೋಟುಗಳು ಹತ್ತು ದಿನ, ಅದಕ್ಕಿಂತ ಹೆಚ್ಚೂ ಹೊರಗಿರುತ್ತವೆ. ಅದರಲ್ಲಿ ದುಡಿಯುವವರಲ್ಲಿ ಒಡಿಶಾ, ಜಾರ್ಖಂಡ್, ಆಂಧ್ರದವರು ಬಹಳ. ದಡಕ್ಕೆ ಬಂದ ದಿನವೆಂದರೆ ಅವರಿಗೆ ಮೀನು ಇಳಿಸುವ, ಮಂಜುಗಡ್ಡೆ ತುಂಬುವ, ಬಲೆ ಹೆಣೆಯುವ ದಿನ. ಚಂಡಮಾರುತದ ಮುನ್ಸೂಚನೆ ಬಂದಾಗ ಹೊರರಾಜ್ಯದ ಬೋಟುಗಳು ಕಾರವಾರ ಬಂದರಿನಲ್ಲಿ ಆಶ್ರಯ ಪಡೆಯುವುದುಂಟು. ಆಗ ಬಟ್ಟೆ ಒಣಗಿಸಲೂ ಜಾಗವಿಲ್ಲದೆ ದಿನಗಟ್ಟಲೆ ದೋಣಿಯಲ್ಲೇ ಇರುವವರಿಗೆ ನಾವು ಏನು ಮಾಡಬಹುದೆಂಬುದು ಕಾರವಾರದ ಕಡೆಯ ಧರ್ಮಕೇಂದ್ರಗಳು ಪ್ರತ್ಯೇಕವಾಗಿ ಯೋಚಿಸಬೇಕಾದ ವಿಷಯ.

ಗ್ಲಾಸ್ಗೋದಿಂದ ಆರಂಭ

ಧರ್ಮಸಭೆಗೆ ಈ ಸೇವೆ ಹೊಸದಲ್ಲ. 1920ರ ಅಕ್ಟೋಬರ್ 4ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಕೆಲವರು ಸಭೆ ಸೇರಿ, ನಾವಿಕರ ಸೇವೆಗಾಗಿ ಅಪೊಸ್ಟಲ್‌ಶಿಪ್ ಆಫ್ ದ ಸೀ ಎಂಬ ಸಂಘಟನೆಗೆ ರೂಪ ಕೊಟ್ಟರು. ಪೀಟರ್ ಆನ್ಸನ್, ಆರ್ಥರ್ ಗ್ಯಾನನ್ ಮತ್ತು ಜೆಸ್ವಿತ್ ಬ್ರದರ್ ಡ್ಯಾನಿಯೆಲ್ ಶೀಲ್ಡ್ಸ್ ಅವರು ಇದರ ಹಿಂದಿದ್ದವರು. ಹೊರಟದ್ದು ಗುರುಗಳ ಕಚೇರಿಯಿಂದಲ್ಲ, ಹಡಗುಗಳಿಗೆ ಹೋಗಿ ಬರುತ್ತಿದ್ದ ಶ್ರೀಸಾಮಾನ್ಯರಿಂದ ಎಂಬುದನ್ನು ನಮ್ಮ ಸಂಘಟನೆಗಳ ಪದಾಧಿಕಾರಿಗಳು ಗಮನಿಸಬೇಕು. 1922ರಲ್ಲಿ ಹನ್ನೊಂದನೇ ಪಿಯುಸರು ಇದನ್ನು ಅನುಮೋದಿಸಿದರು. ಶತಮಾನೋತ್ಸವದ 2020ರಲ್ಲಿ ಸಂಘಟನೆ ಎಲ್ಲೆಡೆ ‘ಸ್ಟೆಲ್ಲಾ ಮಾರಿಸ್’ ಎಂಬ ಒಂದೇ ಹೆಸರನ್ನು ತೆಗೆದುಕೊಂಡಿತು. ಸಮುದ್ರದ ನಕ್ಷತ್ರ ಎಂಬುದು ಮಾತೆ ಮರಿಯಮ್ಮನವರ ಪುರಾತನ ಬಿರುದು. ಇಂದು 300ಕ್ಕೂ ಹೆಚ್ಚು ಬಂದರುಗಳಲ್ಲಿ ಇದರ ಸೇವೆಯಿದೆ. ಜುಲೈ ತಿಂಗಳ ಎರಡನೇ ಭಾನುವಾರವನ್ನು ಹಲವು ದೇಶಗಳಲ್ಲಿ ಸಾಗರ ಭಾನುವಾರವಾಗಿ ಆಚರಿಸುತ್ತಾರೆ. ನಮ್ಮಲ್ಲಿ ಅದು ಮಳೆಯ ಅಬ್ಬರದ ನಡುವೆ, ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಬರುತ್ತದೆ. ಸಮುದ್ರದವರು ಮನೆಯಲ್ಲೇ ಸಿಗುವ ಕಾಲ.

1997ರ ಜನವರಿ 31ರಂದು ಪೋಪ್ ಎರಡನೇ ಜಾನ್ ಪಾಲರು ಈ ಪ್ರೇಷಿತಕಾರ್ಯಕ್ಕಾಗಿ ಹೊರಡಿಸಿದ ಪತ್ರದಲ್ಲಿ ಒಂದು ಅಂಶ ಮುಖ್ಯವಾದುದು. ‘ಸಮುದ್ರದ ಜನ’ರೆಂದರೆ ಹಡಗಿನಲ್ಲಿ ಇರುವವರು ಮಾತ್ರವಲ್ಲ, ಅವರ ಪತ್ನಿ ಮಕ್ಕಳು, ಒಂದೇ ಮನೆಯಲ್ಲಿ ವಾಸಿಸುವವರು, ನಿವೃತ್ತ ನಾವಿಕರು, ಬಂದರಿನಲ್ಲಿ ದುಡಿಯುವವರು ಎಲ್ಲರೂ ಸೇರುತ್ತಾರೆ. ಅಂದ ಮೇಲೆ ಬಂದರಿನಿಂದ ನಲ್ವತ್ತು ಕಿಲೋಮೀಟರ್ ದೂರದ ಬೆಟ್ಟದ ಮೇಲಿನ ಧರ್ಮಕೇಂದ್ರಕ್ಕೂ ಇದು ಅನ್ವಯಿಸುತ್ತದೆ.

ದಡದ ಬಿಡುವಿನ ಮಾತು ಪವಿತ್ರ ಗ್ರಂಥದಲ್ಲಿಯೂ ಬರುತ್ತದೆ. ಪ್ರೇಷಿತರ ಕಾರ್ಯಕಲಾಪಗಳ 27ನೇ ಅಧ್ಯಾಯದಲ್ಲಿ ಪೌಲರನ್ನು ಕೈದಿಯಾಗಿ ಹಡಗಿನಲ್ಲಿ ರೋಮಿಗೆ ಒಯ್ಯುತ್ತಾರೆ. ಮರುದಿನ ಹಡಗು ಸಿದೋನಿನಲ್ಲಿ ನಿಲ್ಲುತ್ತದೆ. ಕಾವಲಿಗಿದ್ದ ಶತಾಧಿಪತಿ ಯೂಲಿಯನು, ಪೌಲರು ಇಳಿದು ಹೋಗಿ ಸ್ನೇಹಿತರ ಉಪಚಾರ ಪಡೆಯಲು ಬಿಡುತ್ತಾನೆ. ಕೈದಿಗೆ ಸಿಕ್ಕ ಶೋರ್ ಲೀವ್! ಮುಂದೆ ಬಿರುಗಾಳಿ, ಹಡಗು ಒಡೆದದ್ದು, ಅದರಲ್ಲಿದ್ದ 276 ಮಂದಿಯೂ ದಡ ಸೇರಿದ್ದು ನಮಗೆಲ್ಲ ತಿಳಿದಿದೆ. ಪ್ರಸಂಗಗಳಲ್ಲಿ ಹೇಳುವುದೂ ಅದನ್ನೇ. ಸಿದೋನಿನ ಆ ಒಂದು ದಿನವನ್ನು ಯಾರೂ ಹೇಳುವುದಿಲ್ಲ. ಅಲ್ಲಿ ಸ್ನೇಹಿತರು ಇರದೇ ಹೋಗಿದ್ದರೆ ಯೂಲಿಯನ ದಯೆ ಉಪಯೋಗಕ್ಕೆ ಬರುತ್ತಿರಲಿಲ್ಲ.

ನಾವು ಮಾಡಬಹುದಾದದ್ದು

ನಾವಿಕರು ಕೇಳುವುದು ದೊಡ್ಡದೇನಲ್ಲ. ಮನೆಯವರ ಮುಖ ನೋಡಿ ಮಾತಾಡಲು ಇಂಟರ್‌ನೆಟ್, ಪೇಟೆಗೆ ಹೋಗಿ ಬರಲು ನ್ಯಾಯವಾದ ದರದ ವಾಹನ, ಸಾಬೂನು, ಬಿಸ್ಕತ್ತು, ಹಣ್ಣು ಸಿಗುವ ಅಂಗಡಿ, ತಲೆಕೂದಲು ಕತ್ತರಿಸುವವನು, ಅಲುಗಾಡದ ನೆಲದ ಮೇಲೆ ಸ್ವಲ್ಪ ನಡಿಗೆ. ಹಡಗಿನಲ್ಲಿ ಸಿಬ್ಬಂದಿಗೆ ಇಂಟರ್‌ನೆಟ್ ಒದಗಿಸಬೇಕೆಂಬ ತಿದ್ದುಪಡಿ 2024ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. ಆದರೆ ಫೋನು ಬಂದ ಮೇಲೆ ದಡ ಬೇಡವೆಂದಲ್ಲ. ಮನೆಯಲ್ಲಿ ಮಗುವಿಗೆ ಜ್ವರವೆಂದು ಫೋನಿನಲ್ಲಿ ತಿಳಿದವನು ಅದೇ ಕಬ್ಬಿಣದ ಕೋಣೆಗೆ ಮರಳಬೇಕಲ್ಲ.

ಬಂದರು ಸಮೀಪದ ಧರ್ಮಕೇಂದ್ರಗಳು ಹಡಗು ಭೇಟಿಗೆ ಹೋಗಬಯಸಿದರೆ ಮೊದಲು ಬಂದರು ಪ್ರಾಧಿಕಾರದ ಅನುಮತಿ ಮತ್ತು ಪಾಸ್ ಬೇಕು. ಹೆಲ್ಮೆಟ್, ಹೊಳೆಯುವ ಜಾಕೆಟ್, ಗಟ್ಟಿಯಾದ ಬೂಟು ಧರಿಸಬೇಕು, ಚಪ್ಪಲಿಯಲ್ಲಿ ಹೋಗುವಂತಿಲ್ಲ. ಗ್ಯಾಂಗ್‌ವೇ ಎನ್ನುವ ಏಣಿಯ ಮೇಲ್ಗಡೆ ಕಾವಲಿರುವವನ ಪುಸ್ತಕದಲ್ಲಿ ಹೆಸರು ಬರೆದು, ಅವನು ಕರೆದೊಯ್ದ ಕಡೆಗಷ್ಟೇ ಹೋಗಬೇಕು. ಫೋಟೋ ತೆಗೆದು ವಾಟ್ಸಾಪ್‌ಗೆ ಹಾಕುವ ಅಭ್ಯಾಸವನ್ನು ಗೇಟಿನ ಹೊರಗೇ ಬಿಟ್ಟು ಬರಬೇಕು. ಯಾರಾದರೂ ಸಂಬಳ ಬಂದಿಲ್ಲವೆಂದೋ ಊಟ ಸರಿಯಿಲ್ಲವೆಂದೋ ಹೇಳಿಕೊಂಡರೆ ಅವನ ಹೆಸರು ಕಪ್ತಾನನ ಕಿವಿಗೆ ಬೀಳಬಾರದು. ಬಂದರಿನಲ್ಲಿಯೇ ದೂರು ಕೊಡುವ ಹಕ್ಕು ಒಡಂಬಡಿಕೆಯಲ್ಲಿದೆ; ಅದನ್ನು ಗುಟ್ಟಾಗಿ ಇಡಬೇಕೆಂದೂ ಇದೆ. ನೌಕಾಯಾನ ಮಹಾನಿರ್ದೇಶನಾಲಯದ ಸರ್ವೇಯರರಿಗೆ ಅಥವಾ ನಾವಿಕರ ಸಂಘದವರಿಗೆ ವಿಷಯ ತಲುಪಿಸುವುದು ನಮ್ಮ ಕೆಲಸ, ಹಡಗಿನಲ್ಲೇ ಜಗಳ ತೆಗೆಯುವುದಲ್ಲ. ಅವನ ಧರ್ಮ ಯಾವುದೆಂದು ಕೇಳುವ ಅಗತ್ಯವೂ ಇಲ್ಲ. ನಾವಿಕರಲ್ಲಿ ಚೀನಾದವರು, ಇಂಡೋನೇಷ್ಯಾದವರು, ರಷ್ಯಾ–ಉಕ್ರೇನಿನವರು, ನಮ್ಮದೇ ದೇಶದ ಎಲ್ಲ ಮತದವರೂ ಇರುತ್ತಾರೆ.

ಬಂದರಿನಿಂದ ದೂರವಿರುವ ಧರ್ಮಕೇಂದ್ರಗಳ ಗುರ್ಕಾರರಿಗೆ ಬೇರೆ ಕೆಲಸವಿದೆ. ತಮ್ಮ ವಾಳೆಯಲ್ಲಿ ಯಾರ್ಯಾರು ಹಡಗಿನಲ್ಲಿದ್ದಾರೆ, ಮನೆಯಲ್ಲಿ ಯಾರಿದ್ದಾರೆ ಎಂಬ ಪಟ್ಟಿ ಇರಲಿ. ಮಗುವಿನ ಜ್ಞಾನಸ್ನಾನ, ತಂದೆಯ ಮರಣ ಇವುಗಳಲ್ಲಿ ನಾವಿಕನು ಇರುವುದಿಲ್ಲ. ಎಲ್ಲವನ್ನೂ ಆ ಮನೆಯ ಹೆಂಗಸು ಒಬ್ಬಳೇ ನಿಭಾಯಿಸುತ್ತಾಳೆ. ‘ಅವರಿಗೇನು, ಶಿಪ್ಪಿನ ದುಡ್ಡು’ ಎಂದು ಹೇಳಿ ಸುಮ್ಮನಾಗುವ ಚಾಳಿ ನಮ್ಮಲ್ಲಿ ಉಂಟು. ಹೊಸದಾಗಿ ಹಡಗಿಗೆ ಹೊರಡುವ ಯುವಕನಿಗೆ ಬೀಳ್ಕೊಡುವಾಗ ಜಪಸರದ ಜೊತೆ ಒಂದು ಮಾಹಿತಿಯನ್ನೂ ಕೊಡಿ: ಯಾವ ಬಂದರಿಗೆ ಹೋದರೂ ಅಲ್ಲಿ ಸ್ಟೆಲ್ಲಾ ಮಾರಿಸ್ ಅಥವಾ ಬೇರೆ ನಾವಿಕರ ಕೇಂದ್ರ ಇದೆಯೇ ಎಂದು ಮುಂಚಿತವಾಗಿ ನೋಡಿಕೊಳ್ಳಲಿ. ಹಲವು ಕೇಂದ್ರಗಳು ಹಡಗಿನ ಏಣಿಯ ಬುಡಕ್ಕೇ ವ್ಯಾನ್ ಕಳುಹಿಸುತ್ತವೆ. ಹುಡುಗರು ಇದನ್ನು ತಿಳಿಯದೆ ಗೇಟಿನ ಬಳಿ ದುಬಾರಿ ಟ್ಯಾಕ್ಸಿ ಹಿಡಿಯುತ್ತಾರೆ, ಇಲ್ಲವೇ ಹೋಗುವುದೇ ಇಲ್ಲ.

ಡಿಸೆಂಬರ್‌ನ ವಿಷಯ ಬೇರೆಯಾಗಿಯೇ ಹೇಳಬೇಕು. ಹಡಗುಗಳಲ್ಲಿ ಫಿಲಿಪ್ಪೀನ್ಸಿನ ಕಥೊಲಿಕರು ಬಹಳ. ಅವರ ನಾಡಿನಲ್ಲಿ ಡಿಸೆಂಬರ್ 16ರಿಂದ ಒಂಬತ್ತು ದಿನ ಮುಂಜಾವಿನ ಬಲಿಪೂಜೆ, ಸಿಂಬಾಂಗ್ ಗಬಿ, ಕ್ರಿಸ್ಮಸ್ ಹಬ್ಬದ ಜೀವಾಳ. ಆ ದಿನಗಳಲ್ಲಿ ಧಕ್ಕೆಯಲ್ಲಿರುವ ಹಡಗಿನವರು ಚರ್ಚ್‌ಗೆ ಬರಲಾಗದಿದ್ದರೆ, ಕಪ್ತಾನನ ಒಪ್ಪಿಗೆ ಪಡೆದು ಗುರುಗಳೇ ಹೋಗಿ ಹಡಗಿನಲ್ಲಿ ಬಲಿಪೂಜೆ ಅರ್ಪಿಸಬಹುದು. ಸಿಬ್ಬಂದಿಯ ಊಟದ ಕೋಣೆಯ ಮೇಜು ಸಾಕು. ಕೆಲಸ ಬದಲಾಗುವ ಸಮಯ ಕೇಳಿಕೊಂಡು ಹೋದರೆ ಎರಡೂ ಸರದಿಯವರಿಗೆ ಸಿಗುತ್ತದೆ. ಮುಕ್ಕಾಲು ಗಂಟೆಗಿಂತ ಹೆಚ್ಚು ತೆಗೆದುಕೊಳ್ಳಬಾರದು, ಪ್ರಸಂಗ ಐದು ನಿಮಿಷ. ಗ್ಯಾಂಗ್‌ವೇಯ ಕಾವಲಿನವನು ಮಾತ್ರ ಜಾಗ ಬಿಟ್ಟು ಬರುವಂತಿಲ್ಲ. ಅವನೂ ಬಯಸಿದರೆ, ಇಳಿಯುವಾಗ ಏಣಿಯ ಬಳಿ ನಿಂತು ಅವನಿಗೆ ಪರಮಪ್ರಸಾದ ಕೊಟ್ಟು ಬರಬೇಕು.